ಕೀಲಿ ಬದಲಾಗಿತ್ತು, ಕಾಗದ ಬದಲಾಗಿರಲಿಲ್ಲ

ನಮ್ಮ ದೊಡ್ಡಮ್ಮನನ್ನು ಬೀದಿಯವರು ಬೀಗದಕ್ಕ ಎನ್ನುತ್ತಾರೆ. ಮೂಲೆಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಮೇಜು, ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳ, ಗೋಡೆಯ ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಕೀಲಿಗಳ ಸಾಲು. ಕೆಲಸವನ್ನು ಗಂಡನಿಂದ ಕಲಿತಳು. ಗಂಡ ಹೋದ ಮೇಲೆ ಬಾಗಿಲು ಮುಚ್ಚುತ್ತಾಳೆ ಎಂದುಕೊಂಡವರಿಗೆಲ್ಲ ಹೊಸ ಬೋರ್ಡು ಬರೆಸಿ ಉತ್ತರ ಕೊಟ್ಟಳು.

ಅವಳ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಕೀಲಿ ಕಳೆದುಹೋಯಿತು, ಬಂದು ಬಾಗಿಲು ತೆಗೆದುಕೊಡಿ ಎಂದು ಯಾರಾದರೂ ಕರೆದರೆ ಅವಳು ಮನೆಯ ಕಾಗದ ಕೇಳುವುದಿಲ್ಲ. ಅಕ್ಕಪಕ್ಕದವರು ಹೊರಗೆ ಬಂದು, ಹೌದು, ಇದು ಇವರದೇ ಮನೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರಿಲ್ಲದಿದ್ದರೆ ಚೀಲ ಹೆಗಲಿಗೇರಿಸಿ ವಾಪಸು ಬರುತ್ತಾಳೆ. 'ಕಾಗದ ಯಾರು ಬೇಕಾದ್ರೂ ತೋರಿಸ್ತಾರೆ, ಪಕ್ಕದ ಮನೆಯವಳ ಮುಖ ಸುಳ್ಳು ಹೇಳಲ್ಲ' ಎಂಬುದು ಅವಳ ವಾದ. ಈ ನಂಬಿಕೆಯೇ ಅವಳನ್ನು ತೊಂದರೆಗೆ ಸಿಕ್ಕಿಸಿತು. ಆದರೆ ಅದನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ಒಂದು ಬೆಳಿಗ್ಗೆ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಇಂಜಿನಿಯರ್ ಟೇಪು ಹಿಡಿದು ಬಂದರು. ಒಬ್ಬರೇ ಬಂದಿದ್ದರು.

"ಅಮ್ಮಾ, ಸ್ವಲ್ಪ ಈ ತುದಿ ಹಿಡ್ಕೊಳ್ತೀರಾ?"

ರಸ್ತೆ ಕೆಲಸದವರಿರಬೇಕು ಎಂದುಕೊಂಡು ದೊಡ್ಡಮ್ಮ ಹಿಡಿದಳು. ಮುಂಗೋಡೆ ಅಳೆದರು, ಪಕ್ಕದ ಗೋಡೆ ಅಳೆದರು. ಅವಳು ಅವರ ಹಿಂದೆಯೇ ತುದಿ ಹಿಡಿದು ನಡೆದಳು. ಹಿತ್ತಲಿನ ಬಾಗಿಲಿಗೆ ಬಂದಾಗ ಅನುಮಾನ ಬಂತು.

"ಹಿತ್ತಲಿಗೆ ಯಾವ ರಸ್ತೆ ಬರತ್ತಪ್ಪಾ?"

"ರಸ್ತೆ ಅಲ್ಲಮ್ಮ, ಬ್ಯಾಂಕಿನವರು ಕಳಿಸಿದಾರೆ. ಈ ಮನೆ ಮಾರಾಟಕ್ಕಿದೆಯಲ್ಲ? ಕೊಳ್ಳೋರು ಸಾಲ ಕೇಳಿದಾರೆ. ಬೆಲೆ ಕಟ್ಟಬೇಕು."

ದೊಡ್ಡಮ್ಮ ತುದಿ ಬಿಟ್ಟುಬಿಟ್ಟಳು. ಟೇಪು ಸರ್ರನೆ ಹಿಂದಕ್ಕೆ ಹೋಗಿ ಇಂಜಿನಿಯರರ ಹೆಬ್ಬೆರಳಿಗೆ ಬಡಿಯಿತು.

"ನನ್ನ ಮನೆ ಮಾರೋಕೆ ಇಟ್ಟೋನು ಯಾರು?"

ಅವರು ಬೆರಳು ಚೀಪುತ್ತಲೇ ಕಾಗದ ತೆಗೆದರು. ಮಾರುವವನು ಪಕ್ಕದ ಮನೆಯ ಗುಂಡ. ಬೇಕರಿಯವರ ಮಗ. ಮಗುವಾಗಿದ್ದಾಗ ದುಂಡಗಿದ್ದನೆಂದು ದೊಡ್ಡಮ್ಮನೇ ಇಟ್ಟ ಹೆಸರು. ಈಗ ಸಣಕಲಾಗಿದ್ದಾನೆ, ಹೆಸರು ಮಾತ್ರ ಹಾಗೇ ಉಳಿದಿದೆ.

"ಅವನು ಮಾರ್ತಿರೋದು ಒಳಮನೆ. ಅಗೋ, ಆ ಹಸಿರು ಬಾಗಿಲು. ಅವರು ಇರೋದು ಅಲ್ಲಿ," ಎಂದಳು ದೊಡ್ಡಮ್ಮ.

"ಇರೋದು ಅಲ್ಲಿರಬಹುದು. ಚೆಕ್ಕುಬಂದಿ ಇಲ್ಲಿದೆ." ಅವರು ಓದಿ ಹೇಳಿದರು: ಉತ್ತರಕ್ಕೆ ರಸ್ತೆ, ಪೂರ್ವಕ್ಕೆ ಓಣಿ. ಎರಡು ಕಡೆ ದಾರಿ ಇರುವ ಮನೆ ಆ ಸಾಲಿನಲ್ಲಿ ಒಂದೇ. ಅದು ಅವಳ ಮೂಲೆಮನೆ.

ನಾನು ಅವಳ ತಂಗಿಯ ಮಗಳು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ನನಗೆ ಫೋನ್ ಮಾಡಿದಾಗ ಅವಳು ಅಳಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. "ನಿನ್ನ ದೊಡ್ಡಪ್ಪ ಸತ್ತ ಮೇಲೂ ನನ್ನ ಕೈಲಿ ಬೈಸ್ಕೊಳ್ಳೋ ಕೆಲಸ ಮಾಡಿಟ್ಟಿದಾರೆ, ಬಾ" ಎಂದಳಷ್ಟೆ.

ದೊಡ್ಡಪ್ಪ ಮಾಡಿಟ್ಟದ್ದು ಇದು. ಆ ಸಾಲು ಮನೆಗಳನ್ನು ಒಂದು ಸಂಘ ಕಟ್ಟಿಸಿ ಸದಸ್ಯರಿಗೆ ಹಂಚಿತ್ತು. ಎಲ್ಲವೂ ಒಂದೇ ಅಚ್ಚಿನವು. ಮೂಲೆಮನೆ ಬೇಕರಿಯವರಿಗೆ ಬಂತು, ಅದರ ಪಕ್ಕದ ಒಳಮನೆ ದೊಡ್ಡಪ್ಪನಿಗೆ. ಇಬ್ಬರೂ ಜೀವದ ಗೆಳೆಯರು. ಇಬ್ಬರ ಕ್ರಯಪತ್ರವೂ ನೋಂದಣಿ ಆಯಿತು, ಇಬ್ಬರೂ ಸಾಮಾನು ಸಾಗಿಸಿದರು. ಆಗ ಮೂಲೆಯ ಓಣಿಯಾಚೆ ಹತ್ತಿ ಹಿಂಜುವ ಶೆಡ್ಡಿತ್ತು. ಹಗಲೆಲ್ಲ ಹತ್ತಿಯ ನಯವಾದ ಎಳೆ ಗಾಳಿಯಲ್ಲಿ ತೇಲಿ ಬಂದು ಮೂಲೆಮನೆಯ ಕಿಟಕಿ, ಹಾಸಿಗೆ, ಹಾಲಿನ ಪಾತ್ರೆ ಎಲ್ಲದರ ಮೇಲೂ ಕೂರುತ್ತಿತ್ತು. ಬೇಕರಿಯವರ ಹೆಂಡತಿಗೆ ಮೊದಲೇ ಉಬ್ಬಸ. ವಾರ ಕಳೆಯುವುದರೊಳಗೆ ಅವಳು ಮಲಗಿದರೆ ಉಸಿರಿಲ್ಲ, ಕೂತರೆ ನಿದ್ದೆಯಿಲ್ಲ ಎಂಬಂತಾದಳು.

ದೊಡ್ಡಪ್ಪ ಒಳಮನೆಯ ಕೀಲಿಗಳನ್ನು ತೆಗೆದುಕೊಂಡುಹೋಗಿ ಗೆಳೆಯನ ಕೈಯಲ್ಲಿಟ್ಟರು. "ನಮಗೆ ಕಬ್ಬಿಣದ ಪುಡಿ ಕುಡಿದು ಅಭ್ಯಾಸ. ಹತ್ತಿ ಎಷ್ಟರದು? ನಿಮ್ಮ ಕೀಲಿ ಕೊಡಿ" ಎಂದರಂತೆ. ಅದೇ ಸಂಜೆ ಎರಡು ಮನೆಯ ಸಾಮಾನೂ ಒಂದೇ ಗಾಡಿಯಲ್ಲಿ ಅದಲುಬದಲಾಗಿ ಸಾಗಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡರು. ಬೇರೆ ಕಸುಬಿನವರಾಗಿದ್ದರೆ ಯಾರಾದರೂ ಒಬ್ಬರು ಕಾಗದದ ಮಾತೆತ್ತುತ್ತಿದ್ದರೋ ಏನೋ. ದೊಡ್ಡಪ್ಪನಿಗೆ ಮಾತ್ರ ಕೀಲಿ ಕೈ ಬದಲಾಯಿತೆಂದರೆ ಮನೆಯೇ ಕೈ ಬದಲಾಯಿತು. ತೆರಿಗೆಯ ಚೀಟಿ ಮೂಲೆಮನೆಗೆ ಬೇಕರಿಯವರ ಹೆಸರಿನಲ್ಲಿ ಬರುತ್ತಿತ್ತು, ಇವರು ಕಟ್ಟುತ್ತಿದ್ದರು. ಒಳಮನೆಯದು ದೊಡ್ಡಪ್ಪನ ಹೆಸರಿನಲ್ಲಿ ಹೋಗುತ್ತಿತ್ತು, ಅವರು ಕಟ್ಟುತ್ತಿದ್ದರು. ಅಂಚೆಯವನಿಂದ ಹಿಡಿದು ಮೀಟರು ಓದುವವನವರೆಗೆ ಎಲ್ಲರಿಗೂ ವಿಷಯ ಗೊತ್ತಿತ್ತು. ಇಡೀ ಬೀದಿಗೆ ಗೊತ್ತಿರುವುದನ್ನು ಬರೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಗೆಳೆಯರಿಬ್ಬರೂ ತೀರಿಕೊಂಡರು. ಹತ್ತಿಯ ಶೆಡ್ಡು ಮುಚ್ಚಿತು, ರಸ್ತೆ ಅಗಲವಾಯಿತು, ಓಣಿಗೆ ಡಾಂಬರು ಬಿತ್ತು. ಯಾರಿಗೂ ಬೇಡವಾಗಿದ್ದ ಮೂಲೆ ಎಲ್ಲರ ಕಣ್ಣು ಬೀಳುವ ಮೂಲೆಯಾಯಿತು.

ಗುಂಡ ಕೆಟ್ಟವನಲ್ಲ. ಬಸ್ ನಿಲ್ದಾಣದ ಹತ್ತಿರ ದೊಡ್ಡ ಒಲೆಯಿರುವ ಬೇಕರಿ ಮಾರಾಟಕ್ಕೆ ಬಂದಿತ್ತು. ಮೇಲೆ ವಾಸಕ್ಕೆ ಕೋಣೆಗಳಿದ್ದವು. ಒಳಮನೆ ಮಾರಿ ಅಮ್ಮನೊಡನೆ ಅಲ್ಲಿಗೆ ಹೋಗುವುದೆಂದು ಅವನು ಲೆಕ್ಕ ಹಾಕಿದ್ದ. ಅಪ್ಪನ ಪೆಟ್ಟಿಗೆಯಲ್ಲಿದ್ದ ಕ್ರಯಪತ್ರವನ್ನು ಓದದೆಯೇ ಬ್ಯಾಂಕಿಗೆ ಕೊಟ್ಟಿದ್ದ. ಕಾಗದ ಮೂಲೆಮನೆಯದ್ದೆಂದು ಇಂಜಿನಿಯರ್ ಹೇಳಿದ ದಿನ ಅವನಿಗೂ ಆಶ್ಚರ್ಯವಾಯಿತು. ಅದರ ಬೆಲೆ ಒಳಮನೆಯ ಹತ್ತಿರ ಹತ್ತಿರ ಎರಡರಷ್ಟು ಎಂದದ್ದು ಕೇಳಿದ ಮೇಲೆ ಆಶ್ಚರ್ಯ ಇಳಿದು ಆಸೆ ಏರಿತು.

ನಾನು ಹೋದ ದಿನ ಸಂಜೆ ಅವನು ಬಂದ. ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ.

"ಅತ್ತೆ, ಇದರಲ್ಲಿ ಜಗಳ ಯಾಕೆ? ನಿಮ್ಮ ಕಾಗದದ ಮನೆಗೆ ನೀವು ಬನ್ನಿ, ನಮ್ಮ ಕಾಗದದ ಮನೆಗೆ ನಾವು ಬರ್ತೀವಿ. ಯಾರಿಗೂ ನಷ್ಟ ಇಲ್ಲ. ಗಾಡಿ ಖರ್ಚು ನಂದೇ."

"ಮನೆ ಅಂದ್ರೆ ಬಸ್ಸಿನ ಸೀಟೇನೋ, ಟಿಕೆಟ್ ನೋಡಿ ಎದ್ದು ಕೂರೋಕೆ?"

"ಕಾನೂನು ಹಾಗೇ ಹೇಳತ್ತೆ ಅತ್ತೆ, ನಾನಲ್ಲ."

"ಕಾನೂನಿಗೆ ಉಬ್ಬಸ ಇರಲಿಲ್ಲ ಕಣೋ, ನಿಮ್ಮಮ್ಮನಿಗಿತ್ತು. ಹತ್ತಿ ಹಾರ್ತಿದ್ದಾಗ ಮೂಲೆ ನಂದು, ರಸ್ತೆ ಬಂದ ಮೇಲೆ ನಿಂದು. ಚೆನ್ನಾಗಿದೆ! ಬ್ರೆಡ್ ತಗೊಂಡು ಹೋಗು, ಆರಿಹೋಗತ್ತೆ."

ಮಾರನೆಯ ದಿನ ನಾವು ವಕೀಲರನ್ನು ನೋಡಲು ಹೋದೆವು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ಕೇಳುವುದು ಹೆಚ್ಚು. ಎಲ್ಲ ಕೇಳಿದ ಮೇಲೆ ಕನ್ನಡಕ ತೆಗೆದರು.

"ಮನೆ ಅದಲುಬದಲು ಮಾಡ್ಕೊಂಡ್ರೆ ಅದನ್ನ ಬರೆದು ನೋಂದಣಿ ಮಾಡಿಸ್ಬೇಕು. ಬಾಯಿಮಾತು ಸಾಲದು. ಹಾಗಂತ ನಿಮ್ಮ ಕೈಲಿ ಏನೂ ಇಲ್ಲ ಅಂತಲ್ಲ. ಇಷ್ಟು ಕಾಲ ನೀವೇ ಇದ್ದೀರಿ, ತೆರಿಗೆ ಕಟ್ಟಿದೀರಿ, ಬೀದಿಯವರು ಸಾಕ್ಷಿ ಹೇಳ್ತಾರೆ. ಕೇಸು ನಿಲ್ಲತ್ತೆ. ಆದ್ರೆ ಮುಗಿಯೋದು ಯಾವಾಗ ಅಂತ ನನ್ನ ಕೇಳ್ಬೇಡಿ."

"ಅಷ್ಟರಲ್ಲಿ ಅವನು ಮಾರಿಬಿಟ್ರೆ?" ಎಂದು ನಾನು ಕೇಳಿದೆ.

"ಮಾರೋದು ಸುಲಭ ಅಲ್ಲ. ಒಂದು, ಅವರಪ್ಪ ಉಯಿಲು ಬರೆದಿಲ್ಲ ಅಂದ್ರೆ ಹೆಂಡತೀನೂ ವಾರಸುದಾರಳು. ಅವರ ಸಹಿನೂ ಬೇಕು. ಎರಡು, ಮನೆ ಸ್ವಾಧೀನ ಬಿಡಿಸಿಕೊಡ್ಬೇಕು. ಒಳಗಿರೋರು ಬಿಡಲ್ಲ ಅಂತ ಕೊಳ್ಳೋರಿಗೆ ಮೊದಲೇ ಗೊತ್ತಾದ್ರೆ, ಗೊತ್ತಿರಲಿಲ್ಲ ಅಂತ ಅವರು ಆಮೇಲೆ ಹೇಳೋ ಹಾಗಿಲ್ಲ. ಬುದ್ಧಿ ಇರೋನು ಕೈ ಹಾಕಲ್ಲ." ವಕೀಲರು ಮೆತ್ತಗೆ ಹೇಳಿದರು: "ಒಂದಿಷ್ಟು ಕೊಟ್ಟೋ ತಗೊಂಡೋ ರಾಜಿ ಮಾಡ್ಕೊಳ್ಳಿ. ನಿಮ್ಮ ವಯಸ್ಸಿಗೆ ಅದೇ ಒಳ್ಳೇದು."

"ನನ್ನ ವಯಸ್ಸು ನಾನು ನೋಡ್ಕೊಳ್ತೀನಿ. ನೀವು ಕೇಸು ನೋಡಿ," ಎಂದು ದೊಡ್ಡಮ್ಮ ಎದ್ದಳು.

ವಕೀಲರ ಮಾತಿನಲ್ಲಿ ಅವಳು ಹಿಡಿದುಕೊಂಡದ್ದು ಒಂದನ್ನೇ: ಮೊದಲೇ ಗೊತ್ತಾದರೆ. ಮನೆಗೆ ಬಂದವಳೇ ಒಂದು ಹಲಗೆಗೆ ಸುಣ್ಣ ಬಳಿದು ಕಪ್ಪು ಬಣ್ಣದಲ್ಲಿ ಬರೆದು ಗೇಟಿಗೆ ಕಟ್ಟಿದಳು: 'ಈ ಮನೆ ಕೊಳ್ಳಲು ಬಂದವರು ಒಳಗೆ ಬನ್ನಿ. ಚಹಾ ಇದೆ. ವಿಷಯವೂ ಇದೆ.'

ಮೊದಲು ಸಾಲ ಕೇಳಿದ್ದವರು ಗಲಾಟೆ ನೋಡಿ ಹಿಂದೆ ಸರಿದಿದ್ದರು. ಬೇರೆಯವರು ಬಂದರು. ಬಂದವರಿಗೆಲ್ಲ ದೊಡ್ಡಮ್ಮ ಚಹಾ ಕೊಟ್ಟು, ಹತ್ತಿಯ ಶೆಡ್ಡಿನಿಂದ ಶುರುಮಾಡಿ ಇಂಜಿನಿಯರರ ಹೆಬ್ಬೆರಳಿನವರೆಗೆ ಕಥೆ ಹೇಳಿದಳು. ಒಂದು ಸುಳ್ಳೂ ಸೇರಿಸಲಿಲ್ಲ. "ಕಾಗದ ಅವನಪ್ಪನ ಹೆಸರಲ್ಲೇ ಇದೆ. ಮನೆ ನಂದು. ಕೊಂಡ್ಕೊಂಡ್ರೆ ನನ್ನನ್ನೂ ಸೇರಿಸಿ ಕೊಂಡ್ಕೋಬೇಕು. ನಾನು ಗೊರಕೆ ಹೊಡೀತೀನಿ, ಬೆಳಿಗ್ಗೆ ಎದ್ದರೆ ಅರ ಉಜ್ಜೋ ಸದ್ದು. ನಿಮಗೆ ಒಪ್ಪಿಗೆನಾ?" ಎಂದು ಕೇಳುತ್ತಿದ್ದಳು. ಒಬ್ಬ ವ್ಯಾಪಾರಿ ಎರಡನೆಯ ಲೋಟ ಚಹಾ ಕೇಳಿ ಕುಡಿದು, ತನ್ನ ಅಂಗಡಿಯ ಕೀಲಿಯ ನಕಲು ಮಾಡಿಸಿಕೊಂಡು, ಮನೆಯ ಮಾತೆತ್ತದೆ ಹೋದ.

ಗುಂಡನಿಗೆ ರೇಗಿತು. ದೊಡ್ಡಮ್ಮ ಸಂತೆಗೆ ಹೋಗಿದ್ದಾಗ ಆ ಹಲಗೆ ಕಿತ್ತು, ಗೇಟಿಗೆ ಹೊಸ ಬೀಗ ಜಡಿದ. ಬೀಗದಕ್ಕನ ಗೇಟಿಗೆ ಬೀಗ! ಬೀದಿಯವರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ಅವಳು ಬಂದು ತರಕಾರಿ ಚೀಲ ಕೆಳಗಿಟ್ಟು, ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿದಳು. ತಲೆಯ ಪಿನ್ನು ತೆಗೆದು ತೂರಿಸಿದಳು. ಬೀಗ ತೆರೆದುಕೊಂಡಿತು. ಅದನ್ನು ಹಿಡಿದು ನೇರ ಹಸಿರು ಬಾಗಿಲಿಗೆ ಹೋದಳು.

"ಗುಂಡಾ, ಇದು ತೀರಾ ಕಳಪೆ ಮಾಲು. ಯಾರು ಮಾರಿದ್ರೋ ನಿಂಗೆ? ನನಗೇ ಹಾಕೋ ಬೀಗ ನನ್ನ ಹತ್ರನೇ ತಗೋಬಾರದಿತ್ತಾ? ರಿಯಾಯಿತಿ ಕೊಡ್ತಿದ್ದೆ."

ಬೀದಿ ನಕ್ಕಿತು. ಅವನ ಮುಖ ಕೆಂಪಾಯಿತು. ಒಳಗಿನಿಂದ ಅವನ ಅಮ್ಮನ ಕೆಮ್ಮು ಕೇಳಿಸಿತು. ಗಲಾಟೆ ಶುರುವಾದಾಗಿನಿಂದ ಆ ಇಬ್ಬರು ಹೆಂಗಸರು ಮಾತಾಡಿರಲಿಲ್ಲ. ದೊಡ್ಡಮ್ಮ ಒಂದು ಕ್ಷಣ ಒಳಗೆ ನೋಡಿದಳು. ಆಮೇಲೆ ಬೀಗವನ್ನು ಹೊಸ್ತಿಲ ಮೇಲಿಟ್ಟು ಬಂದಳು.

ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ನಾನು ಕೇಳಿದ್ದಕ್ಕೆ, "ಅವಳ ಸಹಿ ಬಿದ್ರೆ ಕಷ್ಟ. ಕೇಳೋಕೆ ಹೋಗಲ್ಲ ನಾನು. ಕೊಟ್ಟಿದ್ದನ್ನ ನೆನಪು ಮಾಡಿ ಕೇಳೋದು ಭಿಕ್ಷೆಗಿಂತ ಕೀಳು" ಎಂದಳು. ಸೋತರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಒಳಮನೆ ರಸ್ತೆಯಿಂದ ಹಿಂದೆ ಸರಿದು ನಿಂತಿದೆ, ಅಲ್ಲಿಗೆ ಗಿರಾಕಿ ಬರುವುದಿಲ್ಲ. ಮನೆಯೊಡನೆ ಕಸುಬೂ ಹೋಗುತ್ತಿತ್ತು.

ಮರುದಿನ ಅವಳು ಬೇರೆಯೇ ದಾರಿ ಹಿಡಿದಳು. ತನ್ನ ಗಂಡನ ಕ್ರಯಪತ್ರ ಹಿಡಿದುಕೊಂಡು ಅದೇ ಇಂಜಿನಿಯರರ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಅವರನ್ನು ಕರೆದುಕೊಂಡು ಬಂದು ಹಸಿರು ಬಾಗಿಲು ತಟ್ಟಿದಳು. ನಾನೂ ಜೊತೆಗಿದ್ದೆ. ಗುಂಡ ಬನಿಯನ್ನಿನಲ್ಲಿ ಬಾಗಿಲು ತೆಗೆದ.

"ಏನತ್ತೆ?"

"ಮನೆ ಅಳೀಬೇಕು. ನನ್ನ ಕಾಗದದ ಮನೆ. ಟೇಪಿನ ತುದಿ ಹಿಡ್ಕೋ."

"ಇದು ನಾವಿರೋ ಮನೆ!"

"ನಾನಿರೋ ಮನೆ ನೀನು ಅಳೆಸಲಿಲ್ವಾ? ಕಾನೂನು ಹಾಗೇ ಹೇಳತ್ತೆ ಕಣೋ, ನಾನಲ್ಲ. ಇದನ್ನೂ ನಾಳೆ ಮಾರಾಟಕ್ಕಿಡ್ತೀನಿ. ನೀನೂ ಒಂದು ಹಲಗೆ ಬರ್ಕೋ, ಚಹಾ ಮಾಡ್ಕೊಂಡು ಕೂತ್ಕೋ."

ಒಳಗಿನ ಮಂಚದಿಂದ ಅವನ ಅಮ್ಮ, "ಒಳಗೆ ಬಿಡೋ ಅವರನ್ನ" ಎಂದರು.

ಇಂಜಿನಿಯರ್ ಈ ಸಲ ಟೇಪು ತೆಗೆಯಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಎರಡು ಕ್ರಯಪತ್ರಗಳನ್ನೂ ತೊಡೆಯ ಮೇಲಿಟ್ಟುಕೊಂಡರು.

"ಅಳೀತೀನಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಬೆಲೆ ಅನ್ನೋದು ಗೋಡೆ ಒಳಗೆ ಇರಲ್ಲ. ಒಂದು ದಿನಕ್ಕೆ ಒಂದು ಬೆಲೆ. ನಿಮಗೆ ಯಾವ ದಿನದ್ದು ಬೇಕು?"

"ಇವತ್ತಿಂದೇ," ಎಂದ ಗುಂಡ ಥಟ್ಟನೆ.

"ಇವತ್ತು ಮಾರೋದಾದ್ರೆ ಇವತ್ತಿಂದು. ಬದಲಾಯಿಸಿಕೊಂಡಾಗ ಯಾರಿಗೆ ಹೆಚ್ಚು ಹೋಯ್ತು, ಯಾರಿಗೆ ಕಡಿಮೆ ಅಂತ ನೋಡೋದಾದ್ರೆ ಬದಲಾಯಿಸಿದ ದಿನದ್ದು."

"ಕೀಲಿ ಬದಲಾಯಿಸಿದ ದಿನದ್ದು ಬರೀರಿ," ಎಂದಳು ದೊಡ್ಡಮ್ಮ.

"ಅದಕ್ಕೆ ಹಳೇ ಮಾರಾಟಗಳನ್ನ ನೋಡ್ಬೇಕು. ಈ ಬೀದಿಯದ್ದು ಕೆಲವು ನೋಡಿದೀನಿ. ಶೆಡ್ಡಿನ ಪಕ್ಕದ ಮನೆಗಳು ಒಳಗಿನವಕ್ಕಿಂತ ಚೆನ್ನಾಗೇ ಕಡಿಮೆಗೆ ಹೋಗಿವೆ. ನನ್ನ ಅಂದಾಜಲ್ಲಿ ಅವತ್ತು ಹೆಚ್ಚು ಬೆಲೆಯ ಮನೆ ಕೊಟ್ಟೋರು ಇವರು." ಅವರು ಪೆನ್ನಿನಿಂದ ದೊಡ್ಡಮ್ಮನತ್ತ ತೋರಿಸಿದರು.

ಗುಂಡ, "ಅವತ್ತಿನ ಮಾತು ಇವತ್ತಿಗ್ಯಾಕೆ?" ಎಂದ. ಆದರೆ ದನಿಯಲ್ಲಿ ಮೊದಲಿನ ಬಿಗಿಯಿರಲಿಲ್ಲ.

ಗುಂಡನ ಅಮ್ಮ ಗೋಡೆ ಹಿಡಿದು ಎದ್ದು ಕುಳಿತರು. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

"ಅವತ್ತಿನ ಉಸಿರೇ ಕಣೋ ಇವತ್ತಿಗೂ ಎಳೀತಿರೋದು. ಆ ಮೂಲೇಲೇ ಇದ್ದಿದ್ರೆ ನಿನ್ನ ಹೆರೋಕೂ ನಾನು ಇರ್ತಿರಲಿಲ್ಲ. ನನ್ನ ಮನೆ ಮಾರು, ಬೇಡ ಅನ್ನಲ್ಲ. ಅವಳ ಮನೆಗೆ ನನ್ನ ಸಹಿ ಇಲ್ಲ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ನೀನೂ ಇಷ್ಟು ದಿನ ಒಳಗೆ ಬಾರದೆ ಇದ್ಯಲ್ಲ, ಹಠಮಾರಿ" ಎಂದರು.

"ಕರೆಯೋಕೆ ನಿಂಗೆ ಬಾಯಿರಲಿಲ್ವಾ?"

"ಉಸಿರಿರಲಿಲ್ಲ."

ಇಬ್ಬರೂ ನಗಲಿಲ್ಲ. ದೊಡ್ಡಮ್ಮ ಹೋಗಿ ಮಂಚದ ತುದಿಯಲ್ಲಿ ಕುಳಿತಳು.

ಇನ್ನು ಉಳಿದದ್ದು ಕಾಗದ. ಎರಡು ಮನೆಗಳ ವಿನಿಮಯ ಪತ್ರ ಮಾಡಿಸಿದರೆ ಗುಂಡ ಒಳಮನೆಯನ್ನು ಯಾವ ತಕರಾರೂ ಇಲ್ಲದೆ ಮಾರಬಹುದೆಂದು ವಕೀಲರು ತಿಳಿಸಿದರು. ಮುದ್ರಾಂಕ ಶುಲ್ಕವನ್ನು ಮಾತ್ರ ಕಚೇರಿಯವರು ಇವತ್ತಿನ ಬೆಲೆಯ ಮೇಲೆಯೇ ಲೆಕ್ಕ ಹಾಕುತ್ತಾರೆ. ದೊಡ್ಡಮ್ಮ ಅದಕ್ಕೆ ಚಕಾರವೆತ್ತಲಿಲ್ಲ. "ಅವತ್ತೇ ಮಾಡಿಸದೇ ಇದ್ದದ್ದು ಆ ಇಬ್ಬರು ಮಹಾನುಭಾವರ ತಪ್ಪು. ಅರ್ಧ ನಂದು, ಅರ್ಧ ನಿಮ್ಮದು" ಎಂದಳು. ಅವಳು ಬಾಗಿದ್ದು ಅದೊಂದಕ್ಕೇ.

ನೋಂದಣಿ ಕಚೇರಿಯ ಉದ್ದನೆಯ ಬೆಂಚಿನ ಮೇಲೆ ನಾವೆಲ್ಲ ಸಾಲಾಗಿ ಕುಳಿತಿದ್ದೆವು. ಪತ್ರವನ್ನು ಗುಂಡನ ಕಡೆಯ ವಕೀಲರು ಬರೆಸಿದ್ದರು. ಸಹಿಗೆ ಮುಂಚೆ ಓದಿ ಹೇಳಿ ಎಂದಳು ದೊಡ್ಡಮ್ಮ. ಅವರು ಸರಸರನೆ ಓದಿದರು. ಚೆಕ್ಕುಬಂದಿ ಸರಿಯಿತ್ತು, ಹೆಸರುಗಳು ಸರಿಯಿದ್ದವು. ಕೊನೆಯ ಪುಟಕ್ಕೆ ಬಂದಾಗ ಅವಳು ಕೈಯೆತ್ತಿ ತಡೆದಳು.

"ಅದನ್ನ ಇನ್ನೊಂದ್ಸಲ ಓದಿ."

"'ಮೂಲೆಮನೆಯ ಬೆಲೆಯು ಅಧಿಕವಾಗಿದ್ದರೂ, ಸದರಿ ಹೆಚ್ಚಳವನ್ನು ಹಿರಿಯರ ಮೇಲಿನ ಗೌರವದಿಂದ ಉದಾರವಾಗಿ ಬಿಟ್ಟುಕೊಟ್ಟಿರುತ್ತೇವೆ.' ಸುಮ್ಮನೆ ಶಿಷ್ಟಾಚಾರದ ಮಾತಮ್ಮ. ಎಲ್ಲ ಪತ್ರದಲ್ಲೂ ಇಂಥದ್ದೇನಾದ್ರೂ ಇರತ್ತೆ."

"ನನ್ನ ಪತ್ರದಲ್ಲಿ ಇರಲ್ಲ."

"ಇದು ತೆಗೆದ್ರೆ ಮತ್ತೆ ಟೈಪ್ ಆಗ್ಬೇಕು. ಇವತ್ತಿನ ಸರದಿ ತಪ್ಪತ್ತೆ."

"ತಪ್ಪಲಿ."

"ಅತ್ತೆ, ಕೈ ಮುಗೀತೀನಿ," ಎಂದ ಗುಂಡ. "ಮನೆ ನಿಮಗೇ ಬರ್ತಿದೆಯಲ್ಲ, ಇನ್ನೇನು?"

"ಹೇಗೆ ಬರ್ತಿದೆ ಅನ್ನೋದು ಬೇಕು ನಂಗೆ. ನಾಳೆ ನಾನು ಸತ್ತ ಮೇಲೆ ಇದನ್ನ ಓದೋರು ಏನಂತಾರೆ? ಪಾಪ, ಯಾರೋ ಮುದುಕಿಗೆ ಮನೆ ಬಿಟ್ಟುಕೊಟ್ರು ಅಂತಾರೆ. ಯಾರೋ ಅವತ್ತು ಒಬ್ಬಳಿಗೆ ಉಸಿರಾಡೋಕೆ ಜಾಗ ಕೊಟ್ರು, ಅದು ಎಲ್ಲೂ ಇಲ್ಲ. ಬರೀರಿ: ಎರಡು ಮನೆಯವರೂ ಒಪ್ಪಿ ಬದಲಾಯಿಸಿಕೊಂಡರು, ಈಗ ಅದನ್ನ ಕಾಗದಕ್ಕೆ ಇಳಿಸ್ತಿದ್ದಾರೆ. ಅಷ್ಟೇ. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆನೂ ಬೇಡ."

ಅವಳು ಬೆಂಚಿನಿಂದ ಎದ್ದೇ ಬಿಟ್ಟಳು. ಇಷ್ಟು ಹತ್ತಿರ ಬಂದದ್ದು ಒಂದು ಸಾಲಿಗಾಗಿ ಕೈತಪ್ಪಿದರೆ, ಗುಂಡನ ಮನಸ್ಸು ನಾಳೆ ಮತ್ತೆ ತಿರುಗಿದರೆ ಎಂಬ ಭಯ ನನಗೆ. ಮೆಲ್ಲಗೆ ಅವಳ ಸೆರಗು ಎಳೆದೆ. ಅವಳು ಸೆರಗು ಬಿಡಿಸಿಕೊಂಡಳು.

ಗುಂಡನ ಅಮ್ಮ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. "ಅವಳು ಹೇಳಿದ ಹಾಗೆ ಬರೆಸು. ಅಲ್ಲೀವರೆಗೆ ನನ್ನದೂ ಸಹಿ ಇಲ್ಲ."

ಗುಂಡ ಇಬ್ಬರು ಹೆಂಗಸರ ಮುಖವನ್ನೂ ನೋಡಿದ. ಆಮೇಲೆ ಆ ಪುಟವನ್ನು ಹಿಡಿದುಕೊಂಡು ತಾನೇ ಹೊರಗಿನ ಟೈಪಿಂಗ್ ಅಂಗಡಿಗೆ ಓಡಿದ. ಸರದಿ ತಪ್ಪಿತು. ಕಚೇರಿ ಮುಚ್ಚುವ ಹೊತ್ತಿಗೆ ಮತ್ತೆ ಬಂತು. ಹೊಸ ಪುಟವನ್ನು ದೊಡ್ಡಮ್ಮ ವಕೀಲರಿಂದ ಓದಿಸಲಿಲ್ಲ. ತಾನೇ ಬೆರಳಿಟ್ಟು ಪ್ರತಿ ಸಾಲನ್ನೂ ಓದಿದಳು. ನೋಂದಣಿ ಅಧಿಕಾರಿ ಗಡಿಯಾರ ನೋಡುತ್ತ, "ಒಪ್ಪಿಗೆಯಿಂದ ಸಹಿ ಮಾಡ್ತಿದೀರಾ?" ಎಂದು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದರು.

"ಈಗ ಮಾಡ್ತಿದೀನಿ," ಎಂದಳು.

ಹೊರಗೆ ಮೆಟ್ಟಿಲಿಳಿಯುವಾಗ ಗುಂಡ ಅಮ್ಮನ ಒಂದು ತೋಳು ಹಿಡಿದಿದ್ದ, ದೊಡ್ಡಮ್ಮ ಇನ್ನೊಂದನ್ನು. ಅವನು ದಣಿದ ದನಿಯಲ್ಲಿ, "ಈಗಲಾದ್ರೂ ಸಮಾಧಾನ ಆಯ್ತಾ ಅತ್ತೆ?" ಎಂದು ಕೇಳಿದ.

"ಸಮಾಧಾನ ಯಾಕೆ ಆಗ್ಬೇಕು? ನನಗೇನೂ ಹೊಸದಾಗಿ ಸಿಕ್ಕಿಲ್ಲ. ನನ್ನದು ನನ್ನ ಹೆಸರಿಗೆ ಬಂತು, ಅಷ್ಟೇ," ಎಂದಳು ದೊಡ್ಡಮ್ಮ. "ಮೆಟ್ಟಿಲು ನೋಡ್ಕೊಂಡು ಇಳಿಸು ನಿಮ್ಮಮ್ಮನ್ನ."